ಮ್ಯಾಲಿಂದ ಪ್ರೆಷರ್ ಬರಬೇಕು

ಹನುಮಸಾಗರದ ಕಡೆಯಿಂದ ಕುಷ್ಟಗಿಗೆ ಬರುವಾಗ ಎಡಕ್ಕೆ ಹೊರಳಿ ದಾಳಿಂಬೆ ತೋಟಗಳ ನಡುವೆ ಮೂರು ಕಿಲೋಮೀಟರು ನಡೆದರೆ ಹುಲಗಲದಿನ್ನಿ ಸಿಗುತ್ತದೆ. ಆ ಊರಿನ ಅಂದಪ್ಪನಿಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ ಎಂದರೆ ಸುಳ್ಳಾದೀತು. ಗೊತ್ತಿಲ್ಲವೆಂದು ಅವನು ಒಪ್ಪಿಕೊಂಡ ವಿಷಯ ಇರಲಿಲ್ಲ. ವಯಸ್ಸು ಐವತ್ತೆರಡು, ನಾಲ್ಕೆಕರೆ ದಾಳಿಂಬೆ, ಹಣೆಗೆ ಮೂರು ಬೆರಳು ವಿಭೂತಿ, ಮೈಮೇಲೆ ಸದಾ ಬಿಳಿ ಅಂಗಿ. ಹೆಂಡತಿ ಗುರುಲಿಂಗಮ್ಮ ಅವನ ಮಾತಿಗೆ ಎದುರಾಡುತ್ತಿರಲಿಲ್ಲ. ಅವನು ಮಾತು ಮುಗಿಸಿ ಹೊರಗೆ ಹೋದಮೇಲೆ ಮಾಡಬೇಕಾದ್ದನ್ನು ಮಾಡುತ್ತಿದ್ದಳು, ಅಷ್ಟೆ.

ಗಿಡಕ್ಕೆ ಗುಂಡಿ ತೋಡಲು, ಪೈಪಿಗೆ ಕಾಲುವೆ ತೆಗೆಯಲು ಆಳು ಸಿಗುತ್ತಿಲ್ಲವೆಂದು ಅಂದಪ್ಪ ಒಂದು ಸಣ್ಣ ಟ್ರ್ಯಾಕ್ಟರನ್ನೂ ಅದರ ಬೆನ್ನಿಗೆ ಜೋಡಿಸುವ ಅಗೆಯುವ ತೋಳನ್ನೂ ತಂದ. ಕಂಪನಿಯ ಪುಸ್ತಕದಲ್ಲಿ ಅದರ ಹೆಸರು ಬ್ಯಾಕ್‌ಹೋ. ಊರು ಮೊದಲ ದಿನವೇ ಅದಕ್ಕೆ 'ಮರಿ ಜೆಸಿಬಿ' ಎಂದು ನಾಮಕರಣ ಮಾಡಿತು. ಮುಂದಿನಿಂದ ನೋಡಿದರೆ ಟ್ರ್ಯಾಕ್ಟರು, ಹಿಂದಿನಿಂದ ನೋಡಿದರೆ ಕೊಂಡಿ ಎತ್ತಿದ ಚೇಳು. ಕೊಂಡಿಯ ತುದಿಗೆ ಹಲ್ಲಿನ ಬಕೇಟು, ಅಗೆಯುವಾಗ ಗಾಡಿ ಅಲುಗದಂತೆ ನೆಲಕ್ಕೆ ಊರಲು ಎರಡು ಕಬ್ಬಿಣದ ಕಾಲು.

ಜೋಡಿಸಿಕೊಟ್ಟವನು ಕುಷ್ಟಗಿಯ ಮೆಕ್ಯಾನಿಕ್ ಬಾಬಾಸಾಬ. ಒಂದು ತಾಸು ನಿಂತು ಎಲ್ಲವನ್ನೂ ತಿಳಿಸಿ ಹೇಳಿದ.

"ಸಾವ್ಕಾರ್ರ, ಕೀಲು ಇರೋ ಕಡಿಗೆಲ್ಲ ದಿನಾ ಮುಂಜಾನಿ ಗ್ರೀಸ್ ಹೊಡೀಬೇಕು. ಒಂದೂ ಬಿಡಬಾರದು."

"ಗೊತ್ತೈತಿ."

"ತೋಳು, ಕಾಲು ಎರಡೂ ಎಣ್ಣಿ ಪ್ರೆಷರ್ ಮ್ಯಾಲ ನಡಿಯೂದು. ಟಾಕಿಯೊಳಗ ಎಣ್ಣಿ ಎಷ್ಟೈತಿ ಅಂತ ನೋಡಿ ಗಾಡಿ ಚಾಲೂ ಮಾಡ್ರಿ."

"ಗೊತ್ತೈತಿ."

"ಈ ರಬ್ಬರ್ ಪೈಪು ಎಲ್ಲೆರ ತಿಕ್ಕಿ ಸವೆಯಾಕತ್ತಾವೇನು ಅಂತ ಕಣ್ಣಿಡ್ರಿ. ಕೆಳಗ ಒಂದು ಹನಿ ಬಿದ್ರೂ ನನಗ ಫೋನ್ ಮಾಡ್ರಿ."

"ಬಾಬಾಸಾಬ, ನಾ ಹುಟ್ಟೂಕಿಂತ ಮೊದಲಽ ನಮ್ಮ ಮನ್ಯಾಗ ಟ್ರ್ಯಾಕ್ಟರ್ ಇತ್ತು."

ಇದ್ದದ್ದು ಒಂದು ಜೋಡಿ ಎತ್ತು. ಆದರೆ ಬಾಬಾಸಾಬ ಬೇರೆ ಊರಿನವನು, ಅವನಿಗೆ ಹೇಗೆ ತಿಳಿಯಬೇಕು? ಪುಸ್ತಕದ ರಟ್ಟಿನ ಮೇಲೆ ತನ್ನ ಫೋನ್ ನಂಬರು ದಪ್ಪಗೆ ಬರೆದಿಟ್ಟು ಹೋದ.

ಮೊದಲ ದಿನ ಅಂದಪ್ಪ ಸೀಟನ್ನು ಹಿಂದಕ್ಕೆ ತಿರುಗಿಸಿ ಕುಳಿತು, ಎಡಗಡೆಯ ಲಿವರು ಎಳೆದರೆ ಬಲಕ್ಕೆ ಹೋಗುವ ತೋಳನ್ನು ಗದರಿಸುತ್ತ ಒಂದು ಗುಂಡಿ ತೋಡಿದ. ಗುಂಡಿಯ ಜೊತೆಗೆ ತೋಟದ ನೀರಿನ ಪೈಪೂ ಮೇಲೆ ಬಂತು. ನೀರು ತೆಂಗಿನಮರದೆತ್ತರ ಚಿಮ್ಮಿತು. ದಾರಿಯಲ್ಲಿ ಹೋಗುತ್ತಿದ್ದ ಹೋಟೆಲ್ ಗಾಳೆಪ್ಪ ಮೋಟರ್ ಸೈಕಲ್ಲು ನಿಲ್ಲಿಸಿ ಕೇಳಿದ:

"ಏನ್ರಿ ಅಂದಪ್ಪಣ್ಣಾರ, ಹೊಲದಾಗ ಕಾರಂಜಿ ಮಾಡಿಸಿರೇನು?"

"ಪೈಪಿನ ಫೋರ್ಸ್ ಚೆಕ್ ಮಾಡಾಕತ್ತೀನಿ," ಎಂದ ಅಂದಪ್ಪ, ತೊಯ್ದು ತೊಪ್ಪೆಯಾಗಿ.

ಎರಡನೆಯ ದಿನ ಗ್ರೀಸು ಬಿಳಿ ಅಂಗಿಗೆ ಹತ್ತಿತು. ಗುರುಲಿಂಗಮ್ಮ ಅಂಗಿಯನ್ನು ಅವನ ಮುಂದೆ ಹಾಸಿ ಅದರ ಪಕ್ಕದಲ್ಲಿ ಸಾಬೂನು ಇಟ್ಟುಹೋದಳು. ಮೂರನೆಯ ದಿನ ಅಂದಪ್ಪ ಹಳೆ ಧೋತರದಿಂದ ಕೀಲುಕೀಲಿನ ಗ್ರೀಸನ್ನೆಲ್ಲ ಒರೆಸಿ ತೆಗೆದ. ಅಷ್ಟು ಸ್ವಚ್ಛವಾದ ಯಂತ್ರ ಇಡೀ ಕುಷ್ಟಗಿ ತಾಲೂಕಿನಲ್ಲಿ ಇನ್ನೊಂದಿರಲಿಲ್ಲ. ನಾಲ್ಕನೆಯ ದಿನದಿಂದ ತೋಳು ಎತ್ತಿದಾಗೆಲ್ಲ ಕಿರ್ರೋ ಎಂದು ಕಿರುಚತೊಡಗಿತು. ಅದು ಯಂತ್ರದ ಗತ್ತು ಎಂದು ಅಂದಪ್ಪ ತಿಳಿದ. ಐದನೆಯ ದಿನ ಗಾಡಿಯ ಕೆಳಗೆ ಅಂಗೈಯಗಲ ಎಣ್ಣೆ ಬಿದ್ದಿತ್ತು.

"ಇದೇನ್ರಿ, ಸೋರಾಕತ್ತೈತಿ?" ಎಂದು ಗುರುಲಿಂಗಮ್ಮ ಕೇಳಿದಳು.

"ಹೊಸಾ ಮಷೀನು. ದುಡದೈತಿ, ಬೆವರತೈತಿ."

ಎಂಟನೆಯ ದಿನ ಸೋಮವಾರ. ಊರಿನ ನಡುಬೀದಿಯಲ್ಲಿ ದುರುಗವ್ವನ ಮಿರ್ಚಿ ಬಜಿ ಅಂಗಡಿಯ ಮುಂದೆ ಗಟಾರ ಕಟ್ಟಿಕೊಂಡು ನೀರು ಬೀದಿಗೆ ಬಂದಿತ್ತು. ಅಂಗಡಿ ಎಂದರೆ ಗಟಾರದ ಮೇಲೆ ನಾಲ್ಕು ಹಾಸುಗಲ್ಲು, ನಾಲ್ಕು ಕಂಬ, ಮೇಲೊಂದು ತಗಡು. ಆ ಬೀದಿಯಲ್ಲಿ ಗಟಾರದ ಮೇಲೆ ಏನನ್ನೂ ಕಟ್ಟದವರು ಯಾರೂ ಇರಲಿಲ್ಲ. ಗಾಳೆಪ್ಪನ ಹೋಟೆಲಿನ ಜಗಲಿ ನಾಲ್ಕು ಅಡಿ ಮುಂದೆ ಬಂದಿತ್ತು, ಹಿಟ್ಟಿನ ಗಿರಣಿಯ ಮೆಟ್ಟಿಲು ಐದು ಅಡಿ. ಎರಡು ಎತ್ತಿನ ಗಾಡಿ ಎದುರುಬದುರಾದರೆ ಒಂದು ಗಾಡಿಯವನು ಎತ್ತು ಬಿಚ್ಚಬೇಕು, ಅಂಥ ಬೀದಿ.

ದುರುಗವ್ವ ಸಲಿಕೆ ಹಿಡಿದು ಗಟಾರ ಕೆದಕುತ್ತಿದ್ದಳು. ಯಾರೂ ಕರೆಯದೆ ಅಂದಪ್ಪ ತನ್ನ ಮರಿ ಜೆಸಿಬಿಯನ್ನು ಹಿಮ್ಮುಖವಾಗಿ ತಂದು ನಿಲ್ಲಿಸಿದ.

"ಬಾಜೂಕ ಸರಿ ದುರುಗವ್ವ. ಐದು ಮಿನಿಟಿನ ಕೆಲಸ."

"ಬ್ಯಾಡ್ರಿ ಯಣ್ಣಾ, ಸಲಿಕ್ಯಾಗಽ ಹೋಗತೈತಿ."

"ಸಲಿಕಿ ಕಾಲ ಮುಗೀತವಾ," ಎಂದು ಅಂದಪ್ಪ ಕಾಲುಗಳನ್ನು ನೆಲಕ್ಕೆ ಊರಿದ. ಗಾಡಿಯ ಹಿಂದಿನ ಗಾಲಿಗಳು ನೆಲ ಬಿಟ್ಟವು. ತೋಳು ಕಿರುಚುತ್ತ ಮೇಲೆದ್ದಿತು, ಕಿರುಚುತ್ತ ತಿರುಗಿತು, ದುರುಗವ್ವನ ತಗಡಿನ ನೆತ್ತಿಯ ಮೇಲೆ ಸರಿಯಾಗಿ ಬಂದು, ಒಮ್ಮೆ ಕೆಮ್ಮಿ, ನಿಂತುಬಿಟ್ಟಿತು.

ಅಂದಪ್ಪ ಒಂದು ಲಿವರು ಎಳೆದ. ಇನ್ನೊಂದು ಎಳೆದ. ಆರೂ ಲಿವರುಗಳನ್ನು ಎಳೆದ. ಬಕೇಟು ಅಲುಗಲಿಲ್ಲ. ಊರಿದ ಕಾಲುಗಳೂ ಏಳಲಿಲ್ಲ, ಹಾಗಾಗಿ ಗಾಡಿ ಮುಂದಕ್ಕೂ ಹೋಗಲಿಲ್ಲ. ಟಾಕಿಯ ಮುಚ್ಚಳ ತೆಗೆದು ನೋಡಿದ. ಮೂರ್ನಾಲ್ಕು ದಿನ ಬೆವರಿ ಬೆವರಿ ಎಣ್ಣೆಯೆಲ್ಲ ತಳ ಕಂಡಿತ್ತು.

ಅಷ್ಟರಲ್ಲಿ ಜನ ಕೂಡಿದ್ದರು.

"ಯಾಕ ನಿಂದ್ರಿಸಿದ್ರಿ ಯಣ್ಣಾ?" ಎಂದಳು ದುರುಗವ್ವ.

ಎಣ್ಣೆ ನೋಡುವುದನ್ನು ಮರೆತೆ ಎಂದು ಹೇಳಲು ಅಂದಪ್ಪನ ನಾಲಿಗೆ ತಯಾರಿರಲಿಲ್ಲ. ಎಣ್ಣೆಯ ಟಾಕಿ ಇರುವುದು ಮೇಲುಗಡೆ, ಅಲ್ಲಿಂದ ಪ್ರೆಷರ್ ಇಳಿಯಬೇಕು ಎಂದು ಬಾಬಾಸಾಬ ಹೇಳಿದ್ದು ಅಷ್ಟಿಷ್ಟು ನೆನಪಿತ್ತು. ಗಂಟಲು ಸರಿಮಾಡಿಕೊಂಡು ಗಂಭೀರವಾಗಿ ನುಡಿದ:

"ಈಗ ಏನೂ ಮಾಡಾಕ ಬರಂಗಿಲ್ಲ. ಮ್ಯಾಲಿಂದ ಪ್ರೆಷರ್ ಬರಬೇಕು. ಪ್ರೆಷರ್ ಬಂದಕೂಡ್ಲೆ ಮುಂದಿನ ಕೆಲಸ."

ಕೂಡಿದ್ದವರು ತಲೆ ಎತ್ತಿ ಬಕೇಟನ್ನು ನೋಡಿದರು.

ಹಳದಿ ಬಣ್ಣದ ಯಂತ್ರ, ಅಂಗಡಿಯ ಮೇಲೆ ಎತ್ತಿಹಿಡಿದ ಬಕೇಟು, ಮೇಲಿನ ಪ್ರೆಷರ್. ಈ ಮೂರನ್ನೂ ಕೂಡಿಸಲು ಯಾರಿಗೂ ಗಣಿತ ಬೇಕಾಗಲಿಲ್ಲ. ದೊಡ್ಡ ಊರುಗಳಲ್ಲಿ ರಸ್ತೆ ಅಗಲ ಮಾಡಲು ಜೆಸಿಬಿ ತಂದು ಅಂಗಡಿ ಕೆಡವುವುದನ್ನು ಎಲ್ಲರೂ ಮೊಬೈಲಿನಲ್ಲಿ ನೋಡಿದ್ದರು. ಸುದ್ದಿ ಅಂದಪ್ಪನ ಬಾಯಿಂದ ಹೊರಟು ಗಿರಣಿ ಮುಟ್ಟುವಷ್ಟರಲ್ಲಿ ಒತ್ತುವರಿ ತೆರವಾಗಿತ್ತು; ಗುಡಿ ಮುಟ್ಟುವಷ್ಟರಲ್ಲಿ ಜಿಲ್ಲಾಕೇಂದ್ರ ಕೊಪ್ಪಳದ ಆದೇಶವಾಗಿತ್ತು; ಊರಬಾಗಿಲು ಮುಟ್ಟುವಷ್ಟರಲ್ಲಿ ದೊಡ್ಡ ಜೆಸಿಬಿಗಳು ಹನ್ನೆರಡು ಹಿಂದಿನಿಂದ ಬರುತ್ತಿದ್ದವು, ಇದು ಬರೀ ಮರಿ.

ಗಾಳೆಪ್ಪ ಅಂದಪ್ಪನನ್ನು ಗಾಡಿಯ ಮರೆಗೆ ಕರೆದ.

"ಅಣ್ಣಾರ, ನಾವು ನೀವು ಒಂದ ಓಣ್ಯಾಗ ಬೆಳದವರು. ಖರೇ ಹೇಳ್ರಿ. ಪ್ರೆಷರ್ ಎಷ್ಟೈತಿ?"

"ಸದ್ಯ ಇಲ್ಲ. ಬಂತಂದ್ರ ಭಾಳ ಐತಿ. ಹಾಸುಗಲ್ಲು ಹಪ್ಪಳ ಆದಂಗ ಆಕ್ಕಾವ."

ಗಾಳೆಪ್ಪನಿಗೆ ತನ್ನ ಜಗಲಿಯ ಹಾಸುಗಲ್ಲು ಕಣ್ಣಮುಂದೆ ಬಂದವು. "ಏನೂ ದಾರಿ ಇಲ್ಲೇನ್ರಿ?"

"ಎಣ್ಣಿ ಹಾಕಿದ್ರ ಎಲ್ಲಾ ಸರಳ ಆಕ್ಕೈತಿ," ಎಂದ ಅಂದಪ್ಪ ನಿಟ್ಟುಸಿರು ಬಿಟ್ಟು. "ಎಣ್ಣಿ ಇಲ್ಲದ ಇದು ಒಂದು ಬೆರಳೂ ಸರಿಯಂಗಿಲ್ಲ."

ಗಾಳೆಪ್ಪನ ಮುಖ ಅರಳಿತು. ಮೂರು ಬೆರಳು ವಿಭೂತಿಯ ಹಿಂದೆ ಇಂಥ ಮನುಷ್ಯ ಇದ್ದಾನೆಂದು ಅವನಿಗೆ ಇಷ್ಟು ವರ್ಷ ತಿಳಿದಿರಲೇ ಇಲ್ಲ. ಅರ್ಧ ತಾಸಿನಲ್ಲಿ ಹನುಮಸಾಗರಕ್ಕೆ ಹೋಗಿಬಂದು, ಪೇಪರಿನಲ್ಲಿ ಸುತ್ತಿದ ಒಂದು ಬಾಟಲಿಯನ್ನು ಅಂದಪ್ಪನ ಕೈಯಲ್ಲಿಟ್ಟ.

"ಛಲೋದು ಐತ್ರಿ. ನಮ್ಮ ಜಗಲಿ ಕಡೆ ಒಂದೀಟು ನೋಡಕೋರಿ."

ಅಂದಪ್ಪ ಹಿಗ್ಗಿನಿಂದ ಪೇಪರು ಬಿಚ್ಚಿ, ಮುಚ್ಚಳ ತಿರುಗಿಸಿ, ಟಾಕಿಗೆ ಸುರಿಯಲು ಬಾಟಲಿ ಎತ್ತಿದ. ವಾಸನೆ ಮೂಗಿಗೆ ಹೊಡೆಯಿತು. ಅದೇ ಹೊತ್ತಿಗೆ ರೊಟ್ಟಿಬುತ್ತಿ ಹಿಡಿದು ಗುರುಲಿಂಗಮ್ಮ ಬಂದಳು. ಹಾಡುಹಗಲು, ನಡುಬೀದಿಯಲ್ಲಿ, ವಿಭೂತಿ ಹಚ್ಚಿದ ಗಂಡ ಸಾರಾಯಿ ಬಾಟಲಿಯನ್ನು ಮುಖದೆತ್ತರಕ್ಕೆ ಎತ್ತಿ ಹಿಡಿದಿದ್ದಾನೆ.

"ಏನ್ರಿ ಇದು?"

"ಇದು... ಎಣ್ಣಿ."

"ಅದು ಎಣ್ಣಿ ಅನ್ನೂದು ನನಗೂ ಗೊತ್ತೈತಿ."

"ಅಕ್ಕಾರ, ಅಣ್ಣಾರ ಬಾಯಿಬಿಟ್ಟು ಕೇಳಿದ್ರು, ಅದಕ ತಂದೆ," ಎಂದ ಗಾಳೆಪ್ಪ, ನಡುವೆ ಬಂದು ಸಹಾಯ ಮಾಡುವವನಂತೆ.

ಗುರುಲಿಂಗಮ್ಮ ಬಾಟಲಿ ಕಸಿದು ಗಟಾರಕ್ಕೆ ಸುರಿದಳು. ಟಾಕಿಯ ಒಳಗೆ ಇಣುಕಿದಳು. ಗಾಡಿಯ ಕೆಳಗೆ ಇಣುಕಿದಳು. ಗಂಡನ ಮುಖದ ಕಡೆ ಮಾತ್ರ ನೋಡಲಿಲ್ಲ. ಸೀಟಿನ ಅಡಿಯಿಂದ ಕಂಪನಿಯ ಪುಸ್ತಕ ಎಳೆದು, ರಟ್ಟಿನ ಮೇಲಿನ ನಂಬರಿಗೆ ಫೋನು ಹಚ್ಚುತ್ತ ಮನೆಯ ಕಡೆ ನಡೆದಳು. ರೊಟ್ಟಿಬುತ್ತಿಯೂ ಅವಳ ಜೊತೆಗೇ ಹೋಯಿತು.

ಇತ್ತ ಬಾಟಲಿ ತಿರಸ್ಕೃತವಾದ ಸುದ್ದಿ ಬೀದಿಗೆ ಹಬ್ಬಿತು. ಎಣ್ಣೆಗೂ ಬಗ್ಗದ ಆದೇಶ ಎಂದರೆ ಕೊಪ್ಪಳದ್ದಲ್ಲ, ಬೆಂಗಳೂರಿನದೇ ಇರಬೇಕು. ಗಿರಣಿಯವನು ಹಾರೆ ತಂದ. ಯಂತ್ರ ಮುಟ್ಟಿದರೆ ಗೋಡೆಯೂ ಬೀಳುತ್ತದೆ, ನಾವೇ ತೆಗೆದರೆ ಕಲ್ಲಾದರೂ ಉಳಿಯುತ್ತದೆ ಎಂಬುದು ಅವನ ತರ್ಕ. ಅವನ ಮೆಟ್ಟಿಲು ಏಳುವುದನ್ನು ನೋಡಿ ಎದುರಿನವರು ಕಟ್ಟೆ ಬಿಚ್ಚಿದರು, ಎದುರಿನವರನ್ನು ನೋಡಿ ಪಕ್ಕದವರು ದನಕ್ಕೆ ಮೇವು ಹಾಕುವ ಗ್ವಾದಲಿ ಕಿತ್ತರು. ಗಾಳೆಪ್ಪ ಕಣ್ಣೊರೆಸಿಕೊಳ್ಳುತ್ತ ಜಗಲಿಯ ಮೊದಲ ಕಲ್ಲೆಬ್ಬಿಸಿ, ಕೂಡಲೇ ಪಂಚಾಯಿತಿಯ ಪಿಡಿಓ ವಾಣಿಶ್ರೀ ಅವರಿಗೆ ಫೋನು ಹಚ್ಚಿದ.

"ಮೇಡಂ, ತೆರವು ಮಾಡಿಸೋದಿದ್ರ ಒಂದು ಮಾತು ಮೊದಲ ಹೇಳಬಾರದೇನ್ರಿ?"

ವಾಣಿಶ್ರೀ ಆ ಊರಿಗೆ ಬಂದು ಮೂರು ತಿಂಗಳಾಗಿತ್ತು. ತನ್ನ ಪಂಚಾಯಿತಿಯಲ್ಲಿ ತನಗೇ ತಿಳಿಯದೆ ತೆರವು ನಡೆಯುತ್ತಿದೆ ಎಂದರೆ ಮೇಲಿನಿಂದ ಬಂದದ್ದೇ ಇರಬೇಕು. ಅವರು ಮೇಲಧಿಕಾರಿಗೆ ಫೋನು ಮಾಡಿ, "ಸರ್, ಹುಲಗಲದಿನ್ನಿ ತೆರವಿನ ವಿಷಯ..." ಎಂದರು. ಮೇಲಧಿಕಾರಿಗೂ ಏನೂ ಗೊತ್ತಿರಲಿಲ್ಲ. ಆದರೆ ಕೆಳಗಿನವರ ಮುಂದೆ ಗೊತ್ತಿಲ್ಲ ಎನ್ನುವ ರೂಢಿ ಅವರಿಗೂ ಇರಲಿಲ್ಲ.

"ಹಾಂ... ಹಾಂ, ಅದು ಗೊತ್ತಿರೋ ವಿಷಯಾನ. ನೀವಿನ್ನೂ ಸ್ಥಳಕ್ಕ ಹೋಗಿಲ್ಲೇನ್ರಿ? ಸಹಕಾರ ಕೊಡ್ರಿ. ಫೋಟೋ ಕಳಿಸ್ರಿ."

ವಾಣಿಶ್ರೀ ಟೇಪು, ರಿಜಿಸ್ಟರು ಹಿಡಿದು ಸ್ಥಳಕ್ಕೆ ಬಂದಾಗ ಅರ್ಧ ಬೀದಿ ಆಗಲೇ ಬಯಲಾಗಿತ್ತು. ಅವರು ಫೋಟೋ ತೆಗೆದು ಕಳಿಸಿದರು. 'ಶಾಂತಿಯುತ' ಎಂದು ಕೆಳಗೆ ಬರೆದರು.

ಶಾಂತವಾಗಿರದ ಒಂದೇ ಜಾಗ ದುರುಗವ್ವನ ಅಂಗಡಿ. ಎಣ್ಣೆ ಇಲ್ಲದ ತೋಳು ತನ್ನ ಭಾರಕ್ಕೆ ತಾನೇ ಸಣ್ಣಗೆ ಇಳಿಯುತ್ತಿತ್ತು. ಕಣ್ಣಿಗೆ ಕಾಣುತ್ತಿರಲಿಲ್ಲ, ಆದರೆ ಮುಂಜಾನೆ ತಗಡಿನ ಮೇಲೆ ಒಂದು ಮೊಳ ಇದ್ದ ಬಕೇಟು ಈಗ ಒಂದು ಗೇಣಿಗೆ ಬಂದಿತ್ತು.

"ಸರ್ಕಾರ ಟೈಮ್ ಕೊಡಾಕತ್ತೈತಿ," ಎಂದು ಒಬ್ಬ ವಿವರಿಸಿದ. "ನೋಟಿಸ್ ಇದ್ದಂಗ. ಒಮ್ಮಿಗೇ ಕೆಡವಂಗಿಲ್ಲ."

ದುರುಗವ್ವ ಸಲಿಕೆ ಎಸೆದು, ತಗಡಿನ ಕೆಳಗೆ ಒಲೆಯ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತಳು.

"ಹದಿನೆಂಟು ವರ್ಷ ಇಲ್ಲೇ ಬಜಿ ಕರದೀನಿ. ಈ ಊರಾಗ ನನ್ನ ಬಜಿ ತಿನ್ನಲಾರದವರು ಒಬ್ಬರು ಮುಂದ ಬಂದು ಮಾತಾಡ್ರಿ. ನಾ ಏಳಂಗಿಲ್ಲ. ಬೀಳಲಿ ನನ್ನ ತಲಿ ಮ್ಯಾಲ!"

ಯಾರೂ ಮುಂದೆ ಬರಲಿಲ್ಲ, ಎಲ್ಲರೂ ತಿಂದವರೇ. ವಾಣಿಶ್ರೀ ಅಂದಪ್ಪನ ಕಡೆ ತಿರುಗಿದರು.

"ಆದೇಶದ ಪ್ರತಿ ತೋರಿಸ್ರಿ."

"ಯಾವ ಆದೇಶ್ರಿ ಮೇಡಂ?"

"ನಿಮಗ ಯಾರ ಪ್ರೆಷರ್ ಐತಿ ಅದರದು."

ಅಂದಪ್ಪ ಬೀದಿಯನ್ನು ಈ ತುದಿಯಿಂದ ಆ ತುದಿಗೆ ನೋಡಿದ. ಎದ್ದ ಕಲ್ಲು, ಬಿಚ್ಚಿದ ಕಟ್ಟೆ, ಅಳುತ್ತಿರುವ ಗಾಳೆಪ್ಪ. ಗಾಳೆಪ್ಪ ಯಾಕೆ ಬಾಟಲಿ ತಂದುಕೊಟ್ಟ, ಜನ ಯಾಕೆ ಕಲ್ಲು ಕೀಳುತ್ತಿದ್ದಾರೆ ಎಂಬುದು ಆಗ ಅವನ ತಲೆಗೆ ಹೊಳೆಯಿತು. ಕಣ್ಣೆದುರಿಗೇ ಬಕೇಟಿನ ಹಲ್ಲು ತಗಡಿಗೆ ತಾಗಿ ಕಟಕ್ ಎಂದಿತು. ಕೆಳಗೆ ದುರುಗವ್ವನ ನೆರೆತ ತಲೆ.

"ಏಳವಾ ದುರುಗವ್ವ!" ಎಂದು ಕೂಗಿದ. "ಆದೇಶ ಇಲ್ಲ, ಏನಿಲ್ಲ! ಇದು ಸರ್ಕಾರ ಅಲ್ಲವ್ವಾ, ನಾನಽ! ಎಣ್ಣಿ ಸೋರಿ ಹೋಗೈತಿ, ನನಗ ನಡಸಾಕೂ ಬರಂಗಿಲ್ಲ!"

ಅಂದಪ್ಪ ಜೀವನದಲ್ಲಿ ಮೊದಲ ಸಲ ಇಂಥ ಮಾತು ಆಡಿದ್ದ. ಅದಕ್ಕೇ ಯಾರೂ ನಂಬಲಿಲ್ಲ.

"ಪಾಪ, ಹಿಂಗ ಹೇಳಂತ ಮ್ಯಾಲಿನವರು ಹೇಳಿಕೊಟ್ಟಾರ," ಎಂದ ಗಾಳೆಪ್ಪ.

"ನೀವು ಯಾರಿಗೂ ಹೆದರಬ್ಯಾಡ್ರಿ," ಎಂದರು ವಾಣಿಶ್ರೀ. "ನಿಜ ಹೇಳ್ರಿ."

ತಗಡು ಸಣ್ಣಗೆ ಬಾಗಿತು. ಅಂದಪ್ಪ ಬಿಳಿ ಅಂಗಿಯ ತೋಳೇರಿಸಿ ಒಳಗೆ ನುಗ್ಗಿದ, ದುರುಗವ್ವನ ಪಕ್ಕ ನಿಂತು ಎರಡೂ ಕೈಯಿಂದ ತಗಡನ್ನು ಮೇಲಕ್ಕೆ ಒತ್ತಿ ಹಿಡಿದ.

"ನೀ ಏಳಲಿಲ್ಲಂದ್ರ ಮೊದಲ ನನ್ನ ಮ್ಯಾಲ ಬೀಳಲಿ. ತಪ್ಪು ನಂದು."

ಕೆಡವಲು ಬಂದವನೇ ಕೆಡವುವ ಯಂತ್ರದ ಕೆಳಗೆ ನಿಂತಿದ್ದಾನೆ! "ಅಂದಪ್ಪಣ್ಣಗ ಜಯವಾಗಲಿ!" ಎಂದು ಯಾರೋ ಕೂಗಿದರು. ಉಳಿದವರೂ ಕೂಗಿದರು. ಗಿರಣಿಯವನು ಹಾರೆ ಬಿಟ್ಟು ಬಂದು ಒಂದು ಮೂಲೆ ಹಿಡಿದ. ದುರುಗವ್ವ ಮೇಲೆ ನೋಡಿ, "ಹಸದಿರಬೇಕಲ್ರಿ ಯಣ್ಣಾ, ಒಂದು ಬಜಿ ತಿನ್ನತೀರೇನು?" ಎಂದಳು. ಮುಂಜಾನೆಯಿಂದ ಏನೂ ತಿನ್ನದ ಅಂದಪ್ಪ ಬಾಯಿ ತೆರೆದ. ಅವಳು ಬಜಿಯನ್ನು ಅವನ ಬಾಯಿಗಿಟ್ಟಳು. ವಾಣಿಶ್ರೀ ಅದರದ್ದೂ ಒಂದು ಫೋಟೋ ತೆಗೆದರು, ಆದರೆ ಕೆಳಗೆ ಏನು ಬರೆಯಬೇಕೆಂದು ತಿಳಿಯದೆ ಕಳಿಸಲಿಲ್ಲ.

ಅಷ್ಟರಲ್ಲಿ ಮೋಟರ್ ಸೈಕಲ್ಲಿನ ಹಿಂದೆ ಎಣ್ಣೆಯ ಡಬ್ಬಿ ಕಟ್ಟಿಕೊಂಡು ಬಾಬಾಸಾಬ ಬಂದ. ಅವನ ಹಿಂದೆ ನಡೆದುಕೊಂಡು ಗುರುಲಿಂಗಮ್ಮ ಬಂದಳು. ಬಾಬಾಸಾಬ ಜನರನ್ನು ನೋಡಲಿಲ್ಲ, ಪಿಡಿಓ ಅವರನ್ನೂ ನೋಡಲಿಲ್ಲ. ನೇರವಾಗಿ ಗಾಳೆಪ್ಪನ ಜಗಲಿಯ ಬಿಚ್ಚಿದ ತೊಲೆಯೊಂದನ್ನು ಎಳೆದು ತೋಳಿನ ಅಡಿಗೆ ಗಟ್ಟಿಯಾಗಿ ಆಸರೆ ಕೊಟ್ಟ. ಆಮೇಲೆ ಕೀಲುಗಳನ್ನು ಬೆರಳಿನಿಂದ ಸವರಿ ನೋಡಿದ, ಬೆರಳು ಒಣಗಿಯೇ ಇತ್ತು.

"ಯಾ ಅಲ್ಲಾ! ಗ್ರೀಸ್ ಹೊಡೀರಿ ಅಂದ್ರ ಒರಸಿ ಇಟ್ಟಾರ! ಪೈಪು ತಿಕ್ಕಿ ತೂತು ಬಿದ್ದೈತಿ. ಸಾವ್ಕಾರ್ರ, ಇದು ಬೆಳ್ಳಿ ಸಾಮಾನಲ್ರಿ, ಮಷೀನು!"

ತೂತು ಬಿದ್ದ ಪೈಪು ಬಿಚ್ಚಿ ಹೊಸದು ಹಾಕಿದ, ಡಬ್ಬಿಯ ಎಣ್ಣೆಯನ್ನು ಟಾಕಿಗೆ ಸುರಿದ, ಗಾಡಿ ಚಾಲೂ ಮಾಡಿ ಒಂದು ಲಿವರನ್ನು ಮೆಲ್ಲಗೆ ಎಳೆದ. ತೋಳು ನಡುಗಿತು. ಬಾಬಾಸಾಬ ಖುಷಿಯಿಂದ ಕೂಗಿದ:

"ಬಂತು! ಪ್ರೆಷರ್ ಬಂತು!"

ಬೀದಿಯೆಂಬ ಬೀದಿ ದಿಕ್ಕಾಪಾಲಾಗಿ ಓಡಿತು. ಗಾಳೆಪ್ಪ ಉಳಿದಿದ್ದ ಕೊನೆಯ ಎರಡು ಹಾಸುಗಲ್ಲನ್ನು ಒಬ್ಬನೇ ಎತ್ತಿ ಬದಿಗೆ ಹಾಕಿದ. ತೋಳು ಮಾತ್ರ ತಗಡಿನಿಂದ ಮೇಲೆದ್ದು, ಮಡಚಿಕೊಂಡು, ಮನೆಯ ಮಗುವಿನಂತೆ ತನ್ನ ಜಾಗಕ್ಕೆ ಬಂದು ಕುಳಿತಿತು.

"ಮತ್ತ ಆ ಬೆಂಗಳೂರಿನ ಪ್ರೆಷರ್?" ಎಂದು ಗಾಳೆಪ್ಪ ಏದುಸಿರು ಬಿಡುತ್ತ ಕೇಳಿದ.

"ಬೆಂಗಳೂರಿಂದು ಯಾಕ್ರಿ? ಎಣ್ಣಿ ಪ್ರೆಷರ್," ಎಂದು ಬಾಬಾಸಾಬ ಟಾಕಿ ತೋರಿಸಿದ.

ಜನ ಟಾಕಿಯನ್ನು ನೋಡಿದರು, ತಾವು ಕಿತ್ತ ಕಲ್ಲುಗಳನ್ನು ನೋಡಿದರು. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಜಯಕಾರ ಹಾಕಿದ ಬಾಯಿಗಳೇ ಜಗಲಿ ಕಟ್ಟಿಕೊಡು, ಮೆಟ್ಟಿಲು ಕಟ್ಟಿಕೊಡು ಎಂದು ಅಂದಪ್ಪನ ಮೇಲೆ ಏರಿಬಂದವು. ವಾಣಿಶ್ರೀ ರಿಜಿಸ್ಟರು ಎದೆಗವಚಿಕೊಂಡು ನಿಂತರು. ಶಾಂತಿಯುತ ಎಂದು ಕಳಿಸಿದ ಫೋಟೋವನ್ನು ಮೇಲಧಿಕಾರಿ ಆಗಲೇ ಅವರಿಗಿಂತ ಮೇಲಿನವರಿಗೆ ಕಳಿಸಿ, ಅಲ್ಲಿಂದ ಶಹಬ್ಬಾಸ್ ಎಂದು ಉತ್ತರವೂ ಬಂದಿತ್ತು. ಶಹಬ್ಬಾಸನ್ನು ವಾಪಸು ಮಾಡುವ ಫಾರ್ಮು ಯಾವ ಕಚೇರಿಯಲ್ಲೂ ಇಲ್ಲ.

ಗಲಾಟೆಯ ನಡುವೆ ಪೊಂ ಎಂದು ಹಾರ್ನು ಕೇಳಿತು. ಕುಷ್ಟಗಿಯ ಬಸ್ಸು. ಅದು ಯಾವಾಗಲೂ ಊರ ಹೊರಗೆ ಅರ್ಧ ಕಿಲೋಮೀಟರು ದೂರದಲ್ಲೇ ತಿರುಗಿ ಹೋಗುತ್ತಿತ್ತು; ಕೈಕಾಲು ಆಗದವರೂ ಗಂಟುಮೂಟೆ ಹೊತ್ತವರೂ ಅಲ್ಲಿಗೇ ನಡೆಯಬೇಕಿತ್ತು. ಇಂದು ಬೀದಿ ಬಾಯ್ದೆರೆದು ನಿಂತದ್ದನ್ನು ಕಂಡ ಡ್ರೈವರು, ಏನಾಗಿದೆ ನೋಡೋಣ ಎಂದು ಮೆಲ್ಲಗೆ ಒಳಗೆ ಬಂದುಬಿಟ್ಟಿದ್ದ. ಗಿರಣಿಯ ಮುಂದೆ ಬಸ್ಸು ನಿಂತಾಗ, ಒಳಗಿನಿಂದ ಗಾಳೆಪ್ಪನ ತಾಯಿ ಪಕ್ಕೀರವ್ವ ಕೋಲೂರುತ್ತ ಇಳಿದಳು. ಮೊಣಕಾಲಿನ ಔಷಧಕ್ಕೆ ಕುಷ್ಟಗಿಗೆ ಹೋಗಿದ್ದವಳು.

"ಯವ್ವಾ, ಮನಿ ಬಾಗಿಲಿಗೆ ಬಸ್ ಬಂತಲ್ಲೋ ಗಾಳ್ಯಾ!" ಎಂದು ಅವಳು ಬೀದಿಯ ನಡುವೆ ನಿಂತು ಕೈಮುಗಿದಳು. "ಯಾವ ಪುಣ್ಯಾತ್ಮ ಮಾಡಿಸಿದನಪ್ಪಾ ಇದನ್ನ?"

ಗಾಳೆಪ್ಪ ಅಂದಪ್ಪನ ಅಂಗಿಯ ಕಾಲರಿಗೆ ಹಾಕಿದ್ದ ಕೈಯನ್ನು ಮೆಲ್ಲಗೆ ಸಡಿಲಿಸಿ, ಅಲ್ಲಿಯ ಧೂಳು ಕೊಡವಿದ.

ವಾಣಿಶ್ರೀ ಆ ಹೊತ್ತನ್ನು ಬಿಡಲಿಲ್ಲ. "ಬಸ್ ದಿನಾ ಹಿಂಗಽ ಬರಬೇಕಂದ್ರ ಬೀದಿ ಹಿಂಗಽ ಇರಬೇಕು. ದುರುಗವ್ವ, ನಿಮಗ ಪಂಚಾಯ್ತಿ ಬಾಜೂಕ ಜಾಗ ಕೊಡಸ್ತೀನಿ. ಬಸ್ಸಿನ ಮಂದಿ ಅಲ್ಲೇ ಇಳೀತಾರ, ವ್ಯಾಪಾರಾನೂ ಛಲೋ ಆಗ್ತೈತಿ," ಎಂದು ಟೇಪು ಬಿಚ್ಚಿ ಅಳೆಯುತ್ತ ಹೊರಟರು. ದುರುಗವ್ವ ಬಸ್ಸಿನ ಮಂದಿಯನ್ನು ಒಮ್ಮೆ ಎಣಿಸಿ ನೋಡಿ, ತಾನೇ ತಗಡು ಬಿಚ್ಚಲು ನಿಂತಳು. ಅಳತೆ ಬೀದಿಯ ಕೊನೆಗೆ ಬಂತು. ಅಲ್ಲಿ ಒಂದು ಮನೆಯ ಮುಂದೆ ಏಳು ಅಡಿ ಮುಂದೆ ಚಾಚಿದ, ಕಡಪಾ ಕಲ್ಲು ಹಾಸಿದ ಕಟ್ಟೆಯೊಂದು ಯಾರ ಹಾರೆಯೂ ಮುಟ್ಟದೆ ಹಾಗೇ ಕುಳಿತಿತ್ತು. ಬಸ್ಸು ತಿರುಗಲು ಅದೊಂದೇ ಅಡ್ಡಿ.

"ಇದು ಯಾರ ಮನಿ?" ಎಂದರು ವಾಣಿಶ್ರೀ.

ಎಲ್ಲರೂ ಅಂದಪ್ಪನನ್ನು ನೋಡಿದರು. ಅಂದಪ್ಪ ಆಕಾಶ ನೋಡಿದ. ಆಗ ಗುರುಲಿಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಟ್ಟೆಯ ಮೇಲಿನ ಚಾಪೆಯನ್ನು ಸುತ್ತಿ ಒಳಗಿಟ್ಟುಬಂದು ಗಂಡನ ಕಡೆ ತಿರುಗಿದಳು.

"ಏರ್ರಿ ಗಾಡಿ."

ಬಾಬಾಸಾಬ ಪಕ್ಕದಲ್ಲಿ ನಿಂತು ಕೈಸನ್ನೆ ಮಾಡಿದ. ಅಂದಪ್ಪ ಮೊದಲ ಸಲ ಅವನನ್ನು ಕೇಳಿ ಕೇಳಿ ಒಂದೊಂದೇ ಲಿವರು ಎಳೆದ. ಎಡಕ್ಕೆ, ಕೆಳಕ್ಕೆ, ಮೆಲ್ಲಗೆ. ಅಜ್ಜನ ಕಾಲದ ಕಟ್ಟೆ ಮೂರು ಗುಟುಕಿನಲ್ಲಿ ಮುಗಿಯಿತು. ಮನೆಯ ಗೋಡೆಗೆ ಒಂದು ಗೀರೂ ಬೀಳಲಿಲ್ಲ. ದುರುಗವ್ವ ಶಿಳ್ಳೆ ಹೊಡೆದಳು. ಅಂದಪ್ಪನ ಕಣ್ಣು ತುಂಬಿತ್ತು, ಧೂಳಿಗೆ ಎಂದು ಅವನು ಹೇಳಿದ.

ಈಗ ಕುಷ್ಟಗಿಯ ಬಸ್ಸು ದಿನಕ್ಕೆ ಎರಡು ಸಲ ಊರೊಳಗೆ ಬಂದು ಅಲ್ಲೇ ತಿರುಗುತ್ತದೆ. ನಿಲ್ಲುವ ಜಾಗಕ್ಕೆ ಹೆಸರೊಂದು ಬೇಕಲ್ಲ, ಕಂಡಕ್ಟರೇ ಇಟ್ಟುಬಿಟ್ಟ. ಬಸ್ಸು ಕೊನೆಯ ತಿರುವಿಗೆ ಬಂದಾಗ ಬಾಗಿಲಿಗೆ ಜೋತುಬಿದ್ದು ಕೂಗುತ್ತಾನೆ: "ಅಂದಪ್ಪನ ಕಟ್ಟಿ! ಯಾರದೀರಿ, ಅಂದಪ್ಪನ ಕಟ್ಟಿ ಇಳೀರಿ!"

ಇಳಿದವರು ಸುತ್ತ ನೋಡುತ್ತಾರೆ. ಅಲ್ಲಿ ಯಾವ ಕಟ್ಟೆಯೂ ಇಲ್ಲ.